ಗುತ್ಯಮ್ಮನಿಗೆ ಬೆಟ್ಟ ಸೊಕ್ಕಿದ್ದು

ಎತ್ತರಕ್ಕೆ ಹೋದರೆ ಕೆಲವರಿಗೆ ತಲೆ ತಿರುಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಗುತ್ಯಮ್ಮನಿಗೆ ನಗು ಬರುತ್ತಿತ್ತು. ಮದುವೆಯಾದ ವರ್ಷ ಗಂಡನ ಹಿಂದೆ ಕೊಡಚಾದ್ರಿ ಹತ್ತಿದವಳು, ತುದಿಯಲ್ಲಿ ನಿಂತು ಕೆಳಗಿನ ಕಾಡನ್ನೂ ದೂರದಲ್ಲಿ ಮಿಣುಗುಡುವ ಸಮುದ್ರವನ್ನೂ ನೋಡಿದ್ದೇ ತಡ, ನಗಲು ಶುರುಮಾಡಿದಳು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಗಂಡ ಜಟ್ಟಪ್ಪ, ಹೆಂಡತಿಗೆ ಗಾಳಿ ಸೋಕಿತೆಂದು ಹೆದರಿ ಅಲ್ಲೇ ದೇವಿಗೆ ಹರಕೆ ಹೊತ್ತ. ಕೆಳಗಿಳಿದು ಗದ್ದೆಬಯಲು ಕಂಡ ಮೇಲೆ ನಗು ತಾನಾಗಿ ನಿಂತಿತು.

"ಎಂತ ಆಗಿತ್ತೆ ನಿಂಗೆ?" ಎಂದು ಜಟ್ಟಪ್ಪ ಕೇಳಿದ.

"ಎಂತದೂ ಇಲ್ಲ ಮಾರಾಯ್ರೆ. ಅಡಿಕೆ ಸೊಕ್ಕಿದ ಹಾಗಾತು."

ಹೊಸ ಅಡಿಕೆ ಜಗಿದರೆ ಕಿವಿ ಬಿಸಿಯಾಗಿ, ಎದೆ ಹಾರಿ, ಕಾಲ ಕೆಳಗಿನ ನೆಲ ತೇಲಿದಂತಾಗುವುದು ಸಾಗರದ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬೆಟ್ಟ ಸೊಕ್ಕುವುದು ಮಾತ್ರ ಗುತ್ಯಮ್ಮನೊಬ್ಬಳಿಗೇ ಇದ್ದ ಕಾಯಿಲೆ.

ಆಮೇಲೆ ಬಹಳ ವರ್ಷ ಅವಳಿಗೆ ಎತ್ತರ ಹತ್ತುವ ಯೋಗ ಬರಲಿಲ್ಲ. ಗೇಣಿಯ ಗದ್ದೆ, ಎಮ್ಮೆ, ಒಬ್ಬಳೇ ಮಗಳು ಕೆರಿಯಮ್ಮ. ಜಟ್ಟಪ್ಪ ತೀರಿಕೊಂಡ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು, ಹಳೆಯ ಮನೆ ಗದ್ದೆ ಸಮೇತ ನೀರೊಳಗೆ ಹೋಯಿತು. ಗುತ್ಯಮ್ಮ ಎಮ್ಮೆಗಳನ್ನು ಹೊಡೆದುಕೊಂಡು ಹೊನ್ನೆಮರಡಿನ ದಿಬ್ಬದ ಮೇಲೆ ಹೊಸ ಬಿಡಾರ ಹೂಡಿದಳು. ಮಗಳನ್ನು ತನ್ನ ಅಣ್ಣನ ಮಗ ಬೆಳ್ಳಪ್ಪನಿಗೇ ಕೊಟ್ಟಳು. ಅಳಿಯ ಮನೆಯಲ್ಲೇ ಉಳಿದ.

ಬೆಳ್ಳಪ್ಪ ಸಾಗರದ ಟೆಂಟ್ ಸಿನಿಮಾದಲ್ಲಿ ಆಪರೇಟರ್. ದೀಪಾವಳಿಯಿಂದ ಮಳೆ ಹಿಡಿಯುವ ತನಕ ಊರೂರಿಗೆ ಟೆಂಟು, ಮಳೆ ಹಿಡಿದ ಮೇಲೆ ಟೆಂಟು ಮಡಚಿ ಅಟ್ಟಕ್ಕೆ, ಬೆಳ್ಳಪ್ಪ ಮನೆಯ ಜಗುಲಿಗೆ. ಅಣೆಕಟ್ಟಿನ ಕೆಲಸ ಮುಗಿಸಿ ಊರಿಗೆ ಹೊರಟ ಎಂಜಿನಿಯರೊಬ್ಬರು ಅವನಿಗೆ ಅಂಗೈಯಗಲದ ಒಂದು ಸಿನಿಮಾ ಕ್ಯಾಮೆರಾ, ಅದರ ಜೊತೆಯ ಪುಟ್ಟ ಪ್ರೊಜೆಕ್ಟರ್, ಒಂದಷ್ಟು ರೀಲು ಕೊಟ್ಟು ಹೋದರು. ಅವರು ಹಿಮಾಲಯದ ಕಡೆಯವರು. ಹೋಗುವಾಗ, "ಒಮ್ಮೆ ನಮ್ಮ ಬೆಟ್ಟಗಳನ್ನು ಇದರಲ್ಲಿ ಹಿಡಿಯಯ್ಯಾ, ನಿನ್ನ ಜನಕ್ಕೆ ತೋರಿಸು" ಅಂದಿದ್ದರು. ಗಡಿಯಾರಕ್ಕೆ ಕೊಟ್ಟಂತೆ ಕ್ಯಾಮೆರಾಕ್ಕೆ ಕೀಲಿ ಕೊಟ್ಟರೆ ಗರಗರ ಓಡುತ್ತಿತ್ತು. ಬೆಳ್ಳಪ್ಪ ಕೈ ಪಳಗಿಸಿಕೊಳ್ಳಲು ಹಿನ್ನೀರಿನಲ್ಲಿ ಜನ ದಾಟಿಸುವ ಲಾಂಚು, ಈಜುವ ಎಮ್ಮೆಗಳು, ಹುಲ್ಲುಹೊರೆ ಹೊತ್ತು ಬರುವ ಕೆರಿಯಮ್ಮ, ಹೀಗೆ ಕಂಡದ್ದನ್ನೆಲ್ಲ ಹಿಡಿದ.

ಅರವತ್ತೆಂಟನೆಯ ಇಸವಿಯ ಮೇ ತಿಂಗಳಲ್ಲಿ ಒಂದು ದಿನ ಊಟಕ್ಕೆ ಕೂತವನು, "ಕೇದಾರಕ್ಕೆ ಹೋಗ್ತೀನಿ. ಅಲ್ಲಿಂದ ಬೆಟ್ಟದ ಮೇಲೇ ನಡ್ಕಂಡು ಬದರಿ ದಾರಿ. ಪೂರ್ತಿ ಪಿಕ್ಚರ್ ತೆಗಿತೀನಿ" ಅಂದ.

ಕೆರಿಯಮ್ಮ ಸೌಟು ನೆಲಕ್ಕೆ ಕುಕ್ಕಿದಳು. "ಮೊಲೆ ಬಿಡದ ಕೂಸು ಕಟ್ಕಂಡು ನಾ ಎಲ್ಲಿಗೆ ಬರ್ಲಿ?"

"ನೀ ಬರಬ್ಯಾಡ, ನಾ ಹೋಗ್ತೀನಿ," ಅಂದಳು ಗುತ್ಯಮ್ಮ. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. "ಒಬ್ನೇ ಕಳ್ಸಕಾಗ್ತದಾ? ಮೈಮೇಲೆ ಗ್ಯಾನ ಇಲ್ಲದ ಹುಡ್ಗ. ನಿನ್ನಪ್ಪನ ಹೆಸರಲ್ಲಿ ಒಂದು ಮುಳುಗು ಹಾಕಿದ ಹಾಗೂ ಆತು."

ಅಪ್ಪನ ಹೆಸರು ಬಂದ ಮೇಲೆ ಕೆರಿಯಮ್ಮ ಬೇಡವೆನ್ನುವಂತಿರಲಿಲ್ಲ. ಹೊರಡುವ ದಿನದವರೆಗೂ ಮುಖ ಮಾತ್ರ ಕೊಡಲಿಲ್ಲ.

ರೈಲಿನ ಮೇಲೆ ರೈಲು ಹತ್ತಿ, ಬಸ್ಸಿನಲ್ಲಿ ಕುಲುಕಿ, ಬಸ್ಸಿನ ದಾರಿ ಮುಗಿದ ಗುಪ್ತಕಾಶಿಯಲ್ಲಿ ಇಬ್ಬರೂ ಇಳಿದರು. ಅಲ್ಲಿಂದ ಕಾಲುದಾರಿ. ಮುದುಕರನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ಹತ್ತುವ ಆಳುಗಳು ಗುತ್ಯಮ್ಮನನ್ನು ಮುತ್ತಿಕೊಂಡರು. "ನಾ ಎಂತ ಬಾಳೆಗೊನೆಯೇನ್ರೋ?" ಎಂದು ಕನ್ನಡದಲ್ಲೇ ಗದರಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಏರಿಗೇ ಬೆಳ್ಳಪ್ಪ ಏದುಸಿರು ಬಿಟ್ಟ. ಗುತ್ಯಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು, ಹೇಸರಗತ್ತೆಗಳಿಗೆ ದಾರಿ ಬಿಡುತ್ತ, ಎದುರಾದವರನ್ನೆಲ್ಲ "ಆರಾಮಾ?" ಎಂದು ಕೇಳುತ್ತ ಮುಂದೆ ಮುಂದೆ ಹೋದಳು. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಉತ್ತರ ಕೊಟ್ಟರು.

ರಾತ್ರಿ ತಂಗಲು ದಾರಿಯುದ್ದಕ್ಕೂ ಹುಲ್ಲುಮಾಡಿನ ಚಟ್ಟಿಗಳಿದ್ದವು. ಅಂಥದೊಂದು ಚಟ್ಟಿಯಲ್ಲಿ ರೊಟ್ಟಿ ತಟ್ಟುತ್ತಿದ್ದ ಬೆಟ್ಟದ ಹೆಂಗಸಿಗೆ ಗುತ್ಯಮ್ಮ ತನ್ನ ಸಂಚಿಯಿಂದ ಅಡಿಕೆ ಕೊಟ್ಟಳು. ಆಕೆ ಎಂದೂ ತಿಂದವಳಲ್ಲ. ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ಹಣೆಯಲ್ಲಿ ಬೆವರೊಡೆದು, ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿನ ಬದಲು ಗಂಡನ ಮಂಡಿಯ ಮೇಲೆ ಹಾಕಿದಳು. ಗಂಡ ಕಿರುಚಿದ. ಆಕೆ ಬಿದ್ದು ಬಿದ್ದು ನಕ್ಕಳು. ಗುತ್ಯಮ್ಮ ಅವಳಿಗೆ ಬೆಲ್ಲ ತಿನ್ನಿಸಿ, ನೀರು ಕುಡಿಸಿ, ಹೆಗಲು ಹಿಡಿದುಕೊಂಡು ಕೂತಳು. ಬೆಳ್ಳಪ್ಪ ಕ್ಯಾಮೆರಾ ಬಿಚ್ಚಿ ಅದನ್ನೆಲ್ಲ ಹಿಡಿದ.

ಕೇದಾರದ ಮುಂಚಿನ ಏರಿನಲ್ಲಿ ದಾರಿಗೆ ಅಡ್ಡವಾಗಿ ಹಿಮ ಬಿದ್ದಿತ್ತು. ಯಾತ್ರಿಕರು ಕೋಲೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಗುತ್ಯಮ್ಮ ಅದನ್ನು ಮುಟ್ಟಿ ನೋಡಿದಳು, ನೆಕ್ಕಿ ನೋಡಿದಳು, ಆಮೇಲೆ ಕಾಲು ಜಾರಿ ಕುಕ್ಕರಿಸಿ ಕೂತು, ಮಕ್ಕಳು ಅಡಿಕೆ ಹಾಳೆಯ ಮೇಲೆ ಎಳೆಸಿಕೊಂಡ ಹಾಗೆ ಸುಯ್ಯನೆ ಕೆಳಗಿನವರೆಗೂ ಜಾರಿಹೋದಳು. ಹಿಮದ ಕೊನೆಯಲ್ಲಿ ಜಟೆಯ ಬೈರಾಗಿಯೊಬ್ಬ ಕೂತಿದ್ದ. ಅವನ ಪಕ್ಕದಲ್ಲೇ ಹೋಗಿ ನಿಂತಳು.

ತಲೆಯೆತ್ತಿದರೆ ಮೋಡ ಸರಿದು ಬೆಟ್ಟ ನಿಂತಿತ್ತು. ಇಡೀ ಬೆಟ್ಟ ಬಿಳಿ. ಅದರ ಹಿಂದೆ ಇನ್ನೊಂದು. ಕೊಡಚಾದ್ರಿಯ ಮೇಲೆ ಕೊಡಚಾದ್ರಿ ಪೇರಿಸಿದರೂ ಮುಟ್ಟದಂಥದು. ಗುತ್ಯಮ್ಮನ ಕಿವಿ ಬಿಸಿಯಾಯಿತು, ಎದೆ ಹಾರಿತು, ನೆಲ ತೇಲಿತು. ಹೊಟ್ಟೆಯ ಆಳದಿಂದ ನಗು ಎದ್ದು ಬಂತು. ಬೈರಾಗಿ ಮೊದಲು ಗಂಭೀರವಾಗಿ ನೋಡಿದ. ಆಮೇಲೆ ಅವನ ಗಡ್ಡ ಅಲುಗಾಡಿತು. ಇಬ್ಬರೂ ಒಬ್ಬರ ಭುಜ ಒಬ್ಬರು ತಟ್ಟಿಕೊಂಡು ನಕ್ಕರು. ಹಿಂದಿನಿಂದ ಬಂದ ಯಾತ್ರಿಕರೂ ಕಾರಣ ತಿಳಿಯದೆ ನಕ್ಕರು. ಮೇಲೆ ನಿಂತು ಕ್ಯಾಮೆರಾ ಹಿಡಿದಿದ್ದ ಬೆಳ್ಳಪ್ಪ ತಾನೂ ನಕ್ಕು ನಕ್ಕು, ಅದನ್ನೂ ಕುಲುಕಿಸಿಬಿಟ್ಟ.

ಕೇದಾರನಾಥನಿಗೆ ಕೈಮುಗಿದು, ಜಟ್ಟಪ್ಪನ ಹೆಸರಿನಲ್ಲಿ ಮೂಳೆ ಕೊರೆಯುವ ನೀರಿನಲ್ಲಿ ಒಂದು ಮುಳುಗು ಹಾಕಿ, ಅವರು ಊಖೀಮಠದ ಕಡೆ ಹೊರಳಿದರು. ಅಲ್ಲಿಂದ ತುಂಗನಾಥದ ಏರು. ಕಾಡು ಮುಗಿದು ಹುಲ್ಲು, ಹುಲ್ಲು ಮುಗಿದು ಬರೀ ಕಲ್ಲು. "ತುಂಗೆ ನಮ್ಮ ತೀರ್ಥಹಳ್ಳೀಲಿ ಹರೀತಾಳಲ್ಲ, ಇಲ್ಲಿಗೆ ಯಾವಾಗ ಬಂದ್ಲು ಮಾರಾಯ?" ಎಂದು ಗುತ್ಯಮ್ಮ ಕೇಳಿದಳು. ಬೆಳ್ಳಪ್ಪ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಹತ್ತಿದ. ತುದಿಯಲ್ಲಿ ಗಾಳಿಗೆ ಬೆರಳು ಮರಗಟ್ಟಿತ್ತು. ಸಾಲಾಗಿ ನಿಂತ ಹಿಮದ ಶಿಖರಗಳನ್ನು ಹಿಡಿಯಲು ಅವನು ಚೀಲದಲ್ಲಿ ತಡಕಾಡಿ, ಕೈಗೆ ಸಿಕ್ಕ ಕೊನೆಯ ರೀಲು ಹಾಕಿದ.

ಬದರಿಯನ್ನೂ ಮುಗಿಸಿ ಊರಿಗೆ ಬಂದಾಗ ಮಳೆ ಜಡಿಯುತ್ತಿತ್ತು. ಚಿತ್ರ ಮೂಡುವಂತೆ ತೊಳೆಸಲು ಬೊಂಬಾಯಿಗೆ ಕಳಿಸಿದ ರೀಲುಗಳು ಒಂದೊಂದಾಗಿ ಬಂದವು. ಕೊನೆಯದು ಬಂದದ್ದು ದೀಪಾವಳಿ ಕಳೆದು ಸಾಗರದಲ್ಲಿ ಟೆಂಟು ಎದ್ದ ದಿನವೇ. ಅದನ್ನು ಹಾಕಿ ನೋಡುವಷ್ಟು ಪುರುಸೊತ್ತಿರಲಿಲ್ಲ.

ಟೆಂಟಿನ ಮಾಲೀಕ ಸೀತಾರಾಮಪ್ಪ, "ಇಂಟರ್‌ವೆಲ್‌ನಾಗೆ ತೋರ್ಸು. ಜನ ಬೈದ್ರೆ ಬಂದ್ ಮಾಡು" ಎಂದು ಒಪ್ಪಿದ. ಪುಟ್ಟ ಪ್ರೊಜೆಕ್ಟರಿನ ಬೆಳಕು ದೊಡ್ಡ ಪರದೆಗೆ ಸಾಲದೆಂದು ಬೆಳ್ಳಪ್ಪ ತನ್ನ ಬಿಳಿ ಪಂಚೆಯೊಂದನ್ನು ಮುಂದೆ ಕಟ್ಟಿದ. ಹೆಂಗಸರ ಕಡೆ ನೆಲದ ಮೇಲೆ ಗುತ್ಯಮ್ಮ ಕೂತಿದ್ದಳು. ಪಕ್ಕದಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೆರಿಯಮ್ಮ, ಇನ್ನೂ ಬಿಗುಮಾನದಲ್ಲೇ.

ಪಂಚೆಯ ಮೇಲೆ ದಾರಿ ಮೂಡಿತು, ಹೇಸರಗತ್ತೆ ಮೂಡಿತು, ಗುತ್ಯಮ್ಮ ಬಾಯಿ ಆಡಿಸುತ್ತ ನಡೆದಳು. ಸದ್ದಿಲ್ಲ.

"ಮಾತೇ ಇಲ್ವಲ್ಲೋ ಬೆಳ್ಳಪ್ಪ!" ಎಂದು ಬೆಂಚಿನವರು ಕೂಗಿದರು.

ಗುತ್ಯಮ್ಮ ಎದ್ದು ನಿಂತಳು. "ಮಾತು ನನ್ ಹತ್ರ ಇದೆ, ಸುಮ್ನೆ ನೋಡಿ. ಇಲ್ಲಿ ಕೂತಾಳಲ್ಲ, ಇವ್ಳಿಗೆ ಅಡಿಕೆ ಸೊಕ್ಕಿದೆ. ಈಗ ರೊಟ್ಟಿ ಎಲ್ಲಿ ಹಾಕ್ತಾಳೆ ನೋಡಿ!"

ರೊಟ್ಟಿ ಗಂಡನ ಮಂಡಿಯ ಮೇಲೆ ಬಿತ್ತು. ಟೆಂಟು ಗೊಳ್ಳೆಂದಿತು. ಹಿಮದ ಜಾರುವಿಕೆ ಬಂದಾಗ ಅವಳೇ "ಸುಯ್ಯ್" ಎಂದಳು. ಬೈರಾಗಿಯ ಜೊತೆ ನಗುವ ಭಾಗ ಬಂದಾಗ ಅವಳಿಗೆ ಮತ್ತೆ ನಗು ಹತ್ತಿತು. ಚಿತ್ರವೂ ಅಲುಗಾಡುತ್ತಿತ್ತು, ನೋಡುವವರೂ ಅಲುಗಾಡುತ್ತಿದ್ದರು.

ಆಮೇಲೆ ಕೊನೆಯ ರೀಲು.

ಸಾಲು ಸಾಲು ಹಿಮಶಿಖರ. ಟೆಂಟಿನವರು ಕತ್ತು ಮುಂದೆ ಚಾಚಿದರು. ಆಗ ಎಡಗಡೆಯ ಶಿಖರದ ಒಳಗಿನಿಂದ, ಹೊಗೆ ಬಿಡುತ್ತ, ಜನ ತುಂಬಿಕೊಂಡು, ಹಿನ್ನೀರಿನ ಲಾಂಚು ತೇಲಿ ಬಂತು.

ಬೆಳ್ಳಪ್ಪ ನಾಲಿಗೆ ಕಚ್ಚಿಕೊಂಡ. ಮನೆಯ ಹತ್ತಿರ ಆಗಲೇ ಚಿತ್ರ ಹಿಡಿದಿದ್ದ ರೀಲನ್ನೇ ತುಂಗನಾಥದ ತುದಿಯಲ್ಲಿ ಮತ್ತೆ ಕ್ಯಾಮೆರಾಕ್ಕೆ ಹಾಕಿಬಿಟ್ಟಿದ್ದ. ಎರಡೂ ಚಿತ್ರ ಒಂದರ ಮೇಲೊಂದು ಕೂತಿದ್ದವು. ನಿಲ್ಲಿಸಲು ಕೈ ಹಾಕಿದ.

"ನಿಲ್ಸಬ್ಯಾಡಾ!" ಗುತ್ಯಮ್ಮ ಕಿರುಚಿದಳು.

ಲಾಂಚು ಒಂದು ಶಿಖರ ದಾಟಿ ಇನ್ನೊಂದಕ್ಕೆ ಹೋಯಿತು. "ನಮ್ ಲಾಂಚು! ಅಲ್ನೋಡ್ರೋ, ನಮ್ ಲಾಂಚು!" ಎಂದು ಹಿನ್ನೀರಿನಾಚೆಯ ತುಮರಿಯ ಕಡೆಯ ಒಬ್ಬ ಬೆಂಚಿನ ಮೇಲೆ ಹತ್ತಿ ಕುಣಿದ. ಎಮ್ಮೆಗಳು ಬರೀ ತಲೆ ತೋರಿಸಿಕೊಂಡು ಹಿಮದಲ್ಲಿ ಈಜಿದವು. ಯಾರೋ ಶಿಳ್ಳೆ ಹಾಕಿದರು, ಮುದುಕನೊಬ್ಬ ಎರಡೂ ಕೈ ಎತ್ತಿ ಮುಗಿದ. ಕೊನೆಗೆ, ಆಕಾಶಕ್ಕೆ ಮುಟ್ಟಿದ ಬಿಳಿಯ ಬೆಟ್ಟದಂಚಿನ ಮೇಲೆ, ತಲೆಯಲ್ಲಿ ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು, ಬರಿಗಾಲಲ್ಲಿ, ಮನೆಯ ಅಂಗಳದಲ್ಲಿ ನಡೆದಷ್ಟು ಸಲೀಸಾಗಿ ನಡೆದು ಬಂದಳು.

ಕೆರಿಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಅಳುತ್ತಾಳೇನೋ ಎಂದು ಗುತ್ಯಮ್ಮ ಬಗ್ಗಿ ನೋಡಿದಳು. ಮಗಳು ನಗುತ್ತಿದ್ದಳು. ಥೇಟು ಅವ್ವನ ನಗು, ಸೆರಗಿಗೂ ಜಗ್ಗದಂಥದು.

"ಅವ್ವಾ, ನಾನೂ ಹೋಗಿದ್ನಲ್ಲೇ!"

"ಹೌದೇ ಮಗಾ. ನಂಗಿಂತ ಮೇಲೇ ಹೋಗಿದ್ಯಲ್ಲೇ!"

ಆ ದಿನ ಮುಖ್ಯ ಸಿನಿಮಾದ ಉಳಿದರ್ಧ ಯಾರಿಗೂ ಬೇಕಾಗಲಿಲ್ಲ. ಲಾಂಚಿನ ರೀಲನ್ನು ಮತ್ತೆ ಮತ್ತೆ ಹಾಕಿಸಿದರು. ಟೆಂಟು ಹೊಸನಗರಕ್ಕೆ ಹೋದಾಗ ಮಾತು ಮೊದಲೇ ಅಲ್ಲಿಗೆ ತಲುಪಿತ್ತು. ಗಾಡಿ ಕಟ್ಟಿಕೊಂಡು ಜನ ಬಂದರು. ಗುತ್ಯಮ್ಮ ಪ್ರತಿ ಊರಿನಲ್ಲೂ ಪಂಚೆಯ ಪಕ್ಕ ನಿಂತು ಕಥೆ ಹೇಳಿದಳು. ಹೇಳುತ್ತ ಹೇಳುತ್ತ ಬೈರಾಗಿಗೆ ಮೊಮ್ಮಕ್ಕಳೂ ಹುಟ್ಟಿಕೊಂಡರು.

ತೀರ್ಥಹಳ್ಳಿಯಲ್ಲಿ ಆಟ ಮುಗಿದ ಮೇಲೆ ದುಗ್ಗಮ್ಮ ಎಂಬವರು ಹುಡುಕಿಕೊಂಡು ಬಂದರು. ದೊಡ್ಡ ಮನೆತನದ ಗೌಡ್ತಿ, ತೂಕದ ಆಳು, ಸೊಂಟದಲ್ಲಿ ಬೀಗದ ಕೈ ಗೊಂಚಲು.

"ನಿಜ ಹೇಳು ಗುತ್ಯಮ್ಮ. ಅಲ್ಲಿ ಲಾಂಚು ಇದೆಯೇನೆ?"

"ಇಲ್ಲ ಅಮ್ಮಾ. ಅದು ನಮ್ಮ ಅಳಿಯನ ಎಡವಟ್ಟು."

"ಹಂಗಾರೆ ನಡೀಬೇಕು?"

"ನಡೀಬೇಕು."

ದುಗ್ಗಮ್ಮ ತಮ್ಮ ಕಾಲುಗಳನ್ನು ಒಮ್ಮೆ ನೋಡಿಕೊಂಡರು. "ಮನೆಯಿಂದ ಗದ್ದೆಗೆ ಹೋಗೋಕೂ ಗಾಡಿ ಕಟ್ಟಿಸ್ತಾರೆ ನಂಗೆ. ಆಗ್ತದಾ ನನ್ ಕೈಲಿ?"

"ಕೈಲಿ ಅಲ್ಲ, ಕಾಲಲ್ಲಿ ಅಮ್ಮಾ. ನಾಳೆ ಬೆಳಿಗ್ಗೆಯಿಂದ ಗಾಡಿ ಬಿಡಿ. ದಿನಾ ಹೊಳೆಗೆ ಹೋಗಿ ಬನ್ನಿ. ಬರೋ ಮೇ ತಿಂಗ್ಳಿಗೆ ನಾ ಕರ್ಕಂಡು ಹೋಗ್ತೀನಿ."

ದುಗ್ಗಮ್ಮ ಗಾಡಿ ಬಿಟ್ಟರು. ಮನೆಯವರು ಗಾಬರಿಯಾದರು, ಗಂಡ ಮುಕುಂದಯ್ಯ ಛತ್ರಿ ಹಿಡಿದು ಹಿಂದೆ ಹಿಂದೆ ನಡೆದು ಸೋತರು. ಬೇಸಿಗೆ ಬರುವಷ್ಟರಲ್ಲಿ ದುಗ್ಗಮ್ಮ ಕುಂದಾದ್ರಿ ಹತ್ತಿ ಇಳಿದಿದ್ದರು.

ಅರವತ್ತೊಂಬತ್ತರ ಮೇ ತಿಂಗಳಲ್ಲಿ ಕೆರಿಯಮ್ಮ ಗಂಡನ ಮುಂದೆ ಕೂಸನ್ನು ಕೂರಿಸಿದಳು. "ಮೊಲೆ ಬಿಡ್ಸಿ ಆತು. ಎಮ್ಮೆ ಕರೆಯೋದು ನಿಮಗೆ ಬರ್ತದೆ. ಕ್ಯಾಮೆರಾ ಕೊಡಿ."

ಬೆಳ್ಳಪ್ಪ ಅತ್ತೆಯ ಮುಖ ನೋಡಿದ. ಅತ್ತೆ ತೊಲೆ ನೋಡಿದಳು. ಅವನು ಒಳಗೆ ಹೋಗಿ ಕ್ಯಾಮೆರಾ ತಂದು, ಕೀಲಿ ಕೊಡುವುದು ಹೇಗೆ, ಬೆಳಕಿಗೆ ಬೆನ್ನು ಮಾಡಿ ನಿಲ್ಲುವುದು ಹೇಗೆ ಎಂದು ಹೆಂಡತಿಗೆ ತೋರಿಸಿಕೊಟ್ಟ. ಅವಳಿಗೆ ಅದೆಲ್ಲ ಆಗಲೇ ಗೊತ್ತಿತ್ತು. ಆರು ತಿಂಗಳಿನಿಂದ ಅವನು ಕ್ಯಾಮೆರಾ ಹಿಡಿದಾಗೆಲ್ಲ ಹಿಂದೆ ನಿಂತು ನೋಡಿದ್ದಳು.

ಸಾಗರದ ಸ್ಟೇಷನ್ನಿನಲ್ಲಿ ಬೆಳ್ಳಪ್ಪ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ. ಪಕ್ಕದಲ್ಲಿ ಮುಕುಂದಯ್ಯ, ಮಡಚಿದ ಛತ್ರಿ ಹಿಡಿದು. ರೈಲು ಕೂಗಿತು. ಇಬ್ಬರು ಗಂಡಸರೂ ಒಟ್ಟಿಗೆ ಕೈಬೀಸಿದರು. ಕೆರಿಯಮ್ಮ ಕಿಟಕಿಯಿಂದ ಅವರತ್ತ ಕ್ಯಾಮೆರಾ ತಿರುಗಿಸಿ ಗರಗರ ಓಡಿಸಿದಳು.

ಆನಂದಪುರ ಬರುವ ಮೊದಲೇ ದುಗ್ಗಮ್ಮನವರಿಗೆ ಹಸಿವಾಯಿತು. ಬುತ್ತಿಯ ಗಂಟು ಬಿಚ್ಚಿ, ಮೊದಲ ಕಡುಬನ್ನು ಗುತ್ಯಮ್ಮನ ಅಂಗೈಗಿಟ್ಟರು, ಎರಡನೆಯದನ್ನು ಕೆರಿಯಮ್ಮನಿಗೆ, ಆಮೇಲೆ ತಾವು ತೆಗೆದುಕೊಂಡರು. ಊರಿನಲ್ಲಾಗಿದ್ದರೆ ಒಬ್ಬರು ಜಗುಲಿಯ ಮೇಲೆ, ಇಬ್ಬರು ಅಂಗಳದಲ್ಲಿ ಕೂರಬೇಕಿತ್ತು. ಇಲ್ಲಿ ಇದ್ದದ್ದು ಒಂದೇ ಹಲಗೆ. ಮೂವರೂ ಮಂಡಿಗೆ ಮಂಡಿ ತಾಗಿಸಿ ಕೂತು, ಉಪ್ಪಿನಕಾಯಿಯ ಭರಣಿ ಮಧ್ಯದಲ್ಲಿಟ್ಟುಕೊಂಡು, ರೈಲು ಕುಲುಕಿದ ಹಾಗೆ ಕುಲುಕುತ್ತ ತಿಂದರು.