ಒಣಶುಂಠಿಯ ಕಡುಚಹಾ

ನಮ್ಮ ಯಜಮಾನರು ತೀರಿಕೊಂಡ ವರ್ಷ, ಆಸ್ಪತ್ರೆ ಎದುರಿನ ಚಹಾದಂಗಡಿಯಲ್ಲಿ ಲೋಟ ತೊಳೆಯುವ ಕೆಲಸ ಕೇಳಲು ಹೋದ ದಿನ ಅಂಗಡಿಯವನನ್ನು ಮೊದಲು ನೋಡಿದೆ. ಕಡ್ಡಿಯಂಥ ಆಳು, ಬೀದಿಯವರೆಲ್ಲ ಒಣಶುಂಠಿ ಎನ್ನುತ್ತಿದ್ದರು. ಶುಂಠಿ ಜಜ್ಜುತ್ತಿದ್ದವನು ತಲೆ ಎತ್ತದೆ ಕೇಳಿದ, "ಲೋಟ ಒಡೆದ್ರೆ ಏನ್ ಮಾಡ್ತೀರಿ ದೊಡ್ಡಮ್ಮ?"

"ನಿನ್ನ ತಲೆಗೆ ಬಡಿದ್ರೆ ಮಾತ್ರ ಒಡೀತದೆ ಕಣಪ್ಪ."

ನಕ್ಕ. ಕೆಲಸ ಸಿಕ್ಕಿತು.

ಅವನಿಗೆ ಒಬ್ಬಳೇ ಮಗಳು. ಅವಳನ್ನು ಹೆತ್ತಾಗಲೇ ತಾಯಿ ರಕ್ತ ಹೋಗಿ ಸತ್ತಿದ್ದಳು. ಈಗ ಮಗಳು ಐದು ತಿಂಗಳ ಬಸುರಿ. ರಕ್ತ ಕಡಿಮೆ ಎಂದು ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನುಂಗಿದರೆ ವಾಕರಿಕೆ. ಇವನು ಶುಂಠಿ ಜಜ್ಜಿ ಹಾಕಿ, ಚಹಾಪುಡಿಯನ್ನು ಕಪ್ಪಗಾಗುವವರೆಗೆ ಕುದಿಸಿ, ಫ್ಲಾಸ್ಕಿಗೆ ತುಂಬಿ ನನ್ನ ಕೈಗೆ ಕೊಡುತ್ತಿದ್ದ. "ಇದರಲ್ಲೇ ಮಾತ್ರೆ ನುಂಗಿಸಿ ಬನ್ನಿ. ಶುಂಠಿ ಹೊಟ್ಟೆ ಹಿಡೀತದೆ."

ವಾಕರಿಕೆ ನಿಂತಿತು. ರಕ್ತ ಏರಲಿಲ್ಲ. ತಿಂಗಳು ಕಳೆದು ಪರೀಕ್ಷಿಸಿದರೆ ಇನ್ನೂ ಇಳಿದಿತ್ತು. ಅಂದಿನಿಂದ ಅವನು ಗಿರಾಕಿಗಳ ಚಹಾವನ್ನು ಲೋಟದ ಹೊರಗೆ ಸುರಿಯತೊಡಗಿದ. "ಅವಳಮ್ಮಂಗೂ ಹೀಗೇ ಆಗಿತ್ತು" ಎಂದವನೇ ಇನ್ನೊಂದು ಚಮಚ ಪುಡಿ ಸುರಿದ.

ನಾನು ಆ ಫ್ಲಾಸ್ಕನ್ನೇ ಹಿಡಿದು ನರ್ಸಮ್ಮನ ಮುಂದೆ ನಿಂತೆ. ಮಾತ್ರೆ ಇದರಲ್ಲೇ ನುಂಗಿಸುತ್ತೇನೆ ಎಂದೆ. ಮುಚ್ಚಳ ತೆಗೆದು ನೋಡಿ ಅವರ ಮುಖ ಬಿಗಿಯಾಯಿತು.

"ಶುಂಠಿ ವಾಕರಿಕೆಗೆ ಒಳ್ಳೇದೇ ಅಜ್ಜಿ. ಚಹಾದ ಒಗರೂ ಕೆಟ್ಟದ್ದಲ್ಲ. ಆದ್ರೆ ಆ ಒಗರು ಕಬ್ಬಿಣಾನ ಹೊಟ್ಟೇಲೇ ಹಿಡ್ಕೊಂಡ್ಬಿಡ್ತದೆ, ರಕ್ತಕ್ಕೆ ಬಿಡಲ್ಲ. ಮಾತ್ರೆ ನೀರಲ್ಲಿ ನುಂಗ್ಲಿ. ಚಹಾ ಎರಡು ಗಂಟೆ ಬಿಟ್ಟು ಕುಡೀಲಿ."

ನಾನು ಬಂದು ಹೇಳಿದ್ದನ್ನು ಕೇಳಿ ಅವನು ಒಲೆ ಆರಿಸಿ ನೆಲದ ಮೇಲೆ ಕುಳಿತುಬಿಟ್ಟ. "ನಾನೇ ಕುದಿಸಿ ಕೊಟ್ಟೆನಲ್ಲ ದೊಡ್ಡಮ್ಮ." ಮೂವತ್ತೆಂಟು ದಿನ ಆ ಚಹಾದ ಲೋಟವನ್ನು ಅವಳ ಬಾಯಿಗೆ ಹಿಡಿದದ್ದು ನನ್ನ ಕೈ.

ಆಮೇಲೆ ಮಗಳು ಮಾತ್ರೆಯನ್ನು ದಿನಾ ನೀರಿನಲ್ಲೇ ನುಂಗಿದಳು. ರಕ್ತ ಏರಿತು, ಆದರೆ ಸಾಲುವಷ್ಟಲ್ಲ. ಹೆರಿಗೆಯ ದಿನ ಎರಡು ಬಾಟಲಿ ರಕ್ತ ಕೊಟ್ಟರು. ಅವನು ಬಾಗಿಲ ಹೊರಗೆ ಗೋಡೆ ಹಿಡಿದೇ ನಿಂತಿದ್ದ. ತಾಯಿ ಮಗು ಇಬ್ಬರೂ ಉಳಿದರು. ಅವನ ಭಯ ಹೋಗಲಿಲ್ಲ. ಯಾರು ಮಾತ್ರೆ ಹಿಡಿದು ಅಂಗಡಿಗೆ ಬಂದರೂ ಚಹಾ ಕೊಡದೆ ನೀರು ಕೊಡುತ್ತಿದ್ದ.

ಆರು ವರ್ಷದ ಮೇಲೆ ಕಾಯಿಲೆ ಬಿದ್ದು ಅದೇ ಆಸ್ಪತ್ರೆಯಲ್ಲಿ ಅವನು ಮಲಗಿದ. ಮತ್ತೆ ಬಸುರಿಯಾಗಿದ್ದ ಮಗಳು ಮಂಚದ ಪಕ್ಕ ಕುಳಿತಿದ್ದಳು. ನನ್ನನ್ನು ಸನ್ನೆ ಮಾಡಿ ಕರೆದ. ಬಗ್ಗಿದೆ.

"ದೊಡ್ಡಮ್ಮ, ಬೆಳಿಗ್ಗೆ ಅವಳು ಮಾತ್ರೆ ನುಂಗಿದಾಗ ಲೋಟದಲ್ಲಿ ನೀರೇ ಇತ್ತಾ? ನೀವೇ ಕಣ್ಣಾರೆ ನೋಡಿದ್ರಾ?"