ಕಲೇಜಾ ಎಂಬ ಮಾತು

ಮೈಮೇಲೆ ಬರುವುದು, ಸತ್ತವರು ಮಾತಾಡುವುದು, ಇಂಥವನ್ನು ಕೇಳಿದರೆ ನನಗೆ ನಗು ಬರುತ್ತಿತ್ತು. ದಾಖಲೆಯಿಲ್ಲದೆ ಎದುರಿಗೆ ಕೂತ ಗಂಡಹೆಂಡಿರನ್ನೂ ಗಂಡಹೆಂಡಿರೆಂದು ಒಪ್ಪದ ವಕೀಲೆ ನಾನು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಬೆನ್ಸನ್ ಟೌನಿನ ನನ್ನ ಆಫೀಸಿಗೆ ಶಿವಾಜಿನಗರದ ಮೆಹರುನ್ನೀಸಾ ಬಂದರು. ಅವರ ಗಂಡ ರಹಮತ್ ಸೋಫಾ ಹೊಲಿಯುತ್ತಿದ್ದವರು. ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂದಾಗ ಹೆಂಡತಿಯೇ ಹಲಸೂರಿನ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದು, ಕಲೇಜಾ ನೋಯುತ್ತಿದೆ ಎಂದಿದ್ದರು. ಅವರ ಮನೆಮಾತಿನಲ್ಲಿ ಕಲೇಜಾ ಎಂದರೆ ಎದೆ, ಜೀವ, ಎಲ್ಲ. ಡ್ಯೂಟಿ ಡಾಕ್ಟರಿಗೆ ಗೊತ್ತಿದ್ದ ಕಲೇಜಾ ಮಟನ್ ಅಂಗಡಿಯದು, ಬರೀ ಲಿವರ್. ಹೊಟ್ಟೆಯ ತೊಂದರೆಯೆಂದು ಇಂಜೆಕ್ಷನ್ ಕೊಟ್ಟು, ಇಸಿಜಿ ತೆಗೆಯದೆ ಕಳಿಸಿಬಿಟ್ಟರು. ಮನೆ ಸೇರುವ ಮೊದಲೇ ಆಟೋದಲ್ಲಿ ರಹಮತ್ ತೀರಿಕೊಂಡರು. ಹೃದಯಾಘಾತ.

ಸೊಸೆಯ ಬಾಯಿಂದಲೇ ಮಗ ಸತ್ತ ಎಂದು ಅತ್ತೆ ಮಾತು ಬಿಟ್ಟಿದ್ದರಂತೆ. ಮೆಹರುನ್ನೀಸಾ ಪರಿಹಾರದ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. "ನಂದು ಮಾತಿಂದ ಅವ್ರು ಹೋದ್ರಾ ಮೇಡಂ? ಅದೊಂದು ಗೊತ್ತಾದ್ರೆ ಸಾಕು" ಎಂದರು. ಕೇಸು ಹಿಡಿದೆ.

ಗ್ರಾಹಕರ ನ್ಯಾಯಾಲಯದಲ್ಲಿ ಎದುರು ಪಕ್ಷದವರ ವಾದವೂ ಅತ್ತೆಯ ಮಾತೇ ಆಗಿತ್ತು. ಹೆಂಡತಿ ತಪ್ಪು ಹೇಳಿದಳು, ರೋಗಿ ಎದೆಯ ಕಡೆ ಕೈಯನ್ನೂ ತೋರಿಸಲಿಲ್ಲ. ಪರೀಕ್ಷೆಯ ಹೊತ್ತಿಗೆ ಮೆಹರುನ್ನೀಸಾ ಹೊರಗಿದ್ದರು. ಒಳಗಿದ್ದವರು ಡಾಕ್ಟರು ಮತ್ತು ರಹಮತ್ ಇಬ್ಬರೇ.

ಡಾಕ್ಟರನ್ನು ಪಾಟೀಸವಾಲಿಗೆ ನಿಲ್ಲಿಸಿದ ದಿನ ಒಳ್ಳೆ ಬಿಸಿಲು. ಇಸಿಜಿ ಯಂತ್ರದ ಬಗ್ಗೆ ಕೇಳಬೇಕೆಂದು ಎದ್ದೆ. ಆಗ ಯಾರೋ ನನ್ನ ಬಲಗೈ ಮಣಿಕಟ್ಟು ಹಿಡಿದು ಎಳೆದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಂಗೈ ಕೆಳಗೆ ಬೆವರಿನಿಂದ ಒದ್ದೆಯಾದ ಬಟ್ಟೆ, ಅದರೊಳಗೆ ತಾಳ ತಪ್ಪಿ ಹೊಡೆದುಕೊಳ್ಳುತ್ತಿದ್ದ ಏನೋ ಒಂದು. ಎದೆಯ ಮೇಲೆ ಕಬ್ಬಿಣ ಇಟ್ಟು ಒತ್ತಿದ ಹಾಗೆ ನೋವು ನನ್ನ ತೋಳಿಗೂ ಹತ್ತಿತು. ಬಾಯಿಂದ ನಾನು ಯೋಚಿಸಿರದ ಪ್ರಶ್ನೆ ಬಂತು.

"ಅವರು ನಿಮ್ಮ ಕೈ ಎಳೆದು ಎದೆ ಮೇಲೆ ಇಟ್ಟುಕೊಂಡಾಗ ನಿಮ್ಮ ವಾಚಿನ ಪಟ್ಟಿ ಅವರ ಬನಿಯನ್ನಿಗೆ ಸಿಕ್ಕಿಕೊಂಡಿತಲ್ಲವೇ?"

"ಹೌದು, ಬಿಡಿಸ್ಕೊಂಡೆ" ಎಂದುಬಿಟ್ಟರು ಡಾಕ್ಟರು. ಆಮೇಲೆ ಅವರ ಮುಖ ಬಿಳಚಿಕೊಂಡಿತು. ಅವರ ವಕೀಲರು ಎದ್ದು ಕೂಗಾಡಿದರು. ಹೇಳಿಕೆ ಆಗಲೇ ದಾಖಲಾಗಿತ್ತು.

ಹೊರಗೆ ಬಂದಾಗ ಡಾಕ್ಟರು ಹಿಂದೆಯೇ ಬಂದರು. "ನಾನು ಇದನ್ನ ನನ್ನ ಹೆಂಡ್ತಿಗೂ ಹೇಳಿಲ್ಲ. ನಿಮಗೆ ಯಾರು ಹೇಳಿದ್ರು?" ರಹಮತ್ ಆಟೋದಲ್ಲಿ ಏನಾದರೂ ಹೇಳಿದ್ದರೇ ಎಂದು ಮೆಹರುನ್ನೀಸಾರನ್ನು ಕೇಳಿದೆ. ಇಂಜೆಕ್ಷನ್ನಿನ ಮಂಪರಿನಲ್ಲಿ, ಮನೆಗೆ ಹೋಗೋಣ ಎಂದದ್ದು ಬಿಟ್ಟರೆ ಬೇರೆ ಮಾತೇ ಇಲ್ಲವಂತೆ. ಅದನ್ನು ಅವರ ಕಣ್ಣು ನೋಡಿಯೇ ನಂಬಿದೆ.

ಅವರು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. "ಅವ್ರು ಕೈಯಿಂದ ಹೇಳಿದ್ರಲ್ಲ. ನಂದು ಮಾತಿಂದ ಅಲ್ಲ" ಎಂದು ಮತ್ತೆ ಮತ್ತೆ ಹೇಳಿಕೊಂಡರು. ನನಗೂ ಅಳು ಬಂತು. ಆಮೇಲೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, ನನಗೆ ಗೊತ್ತಿರಲೇಬೇಕು ಎಂಬಂತೆ ಕೇಳಿದರು: "ಅವ್ರಿಗೆ ತುಂಬಾ ನೋವಿತ್ತಾ ಮೇಡಂ?"

ಗೊತ್ತಿಲ್ಲಮ್ಮ ಎಂದೆ. ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.