ಬೇಡ ಎಂದು ಹೇಳದ ನೀರು

ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅದರ ಬದಲು ಹೊಸಕೋಟೆಗೆ ಹೋಗಿ ಬಿರಿಯಾನಿ ತಿಂದೆ.

ಇಷ್ಟೇನಾ ಎನ್ನುತ್ತೀರಿ. ನನಗೂ ಅವತ್ತು ಹತ್ತು ಗಂಟೆಯವರೆಗೆ ಇಷ್ಟೇ ಅನ್ನಿಸಿತ್ತು.

ನಮ್ಮದು ಕುಂದಾಣದ ಕಡೆಯ ಸಣ್ಣ ಊರು. ಬೋರ್‌ವೆಲ್ ನಂಬಿಕೊಂಡೇ ಬದುಕಿದವರು ನಾವು. ಈ ಸಲ ಮಳೆ ಬಿಡದೆ ಹಿಡಿದು, ಕೆರೆ ತುಂಬಿ ಕೋಡಿ ಹರಿಯಿತು. ಊರಿಗೆ ಊರೇ ಹೋಗಿ ಕೋಡಿಯ ಮುಂದೆ ಸೆಲ್ಫಿ ತೆಗೆದುಕೊಂಡಿತು. (ನಾನೂ. ಮುಖವೇ ಕಾಣದಷ್ಟು ನೀರು.) ಎಷ್ಟೋ ವರ್ಷಗಳ ಮೇಲೆ ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿಯಾಯಿತು.

ಕೆರೆ ತುಂಬಿದರೆ ಹಳೆಯ ಕಟ್ಟಳೆಯೂ ಎದ್ದು ಕೂರುತ್ತದೆ. ನೀರು ಪಾಳಿಯ ಪ್ರಕಾರ, ಒಬ್ಬರಿಗೆ ಒಂದು ದಿನ. ತೂಬು ಎತ್ತಿ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು ನೀರುಗಂಟಿ ಮುನಿಯಣ್ಣನ ಕೆಲಸ. ಮಳೆ ಬಂದು ಗದ್ದೆ ತುಂಬಿದ್ದರೆ, 'ನಾಳೆ ನನಗೆ ನೀರು ಬೇಡ' ಎಂದು ಹಿಂದಿನ ಸಂಜೆಯೊಳಗೆ ಅವನಿಗೆ ಹೇಳಿಬಿಡಬೇಕು. ಹೇಳದಿದ್ದರೆ? ಬೇಕು ಎಂದೇ ಲೆಕ್ಕ. ಮಳೆಯಲ್ಲೇ ನೆನೆದುಕೊಂಡು ಬಂದು ತೂಬು ಎತ್ತುತ್ತಾನೆ.

"ಬೇಕೋ ಬೇಡ್ವೋ ಅಂತ ನಾನ್ಯಾಕೆ ತೀರ್ಮಾನ ಮಾಡ್ಲಿ? ಗದ್ದೆ ನಿಮ್ದು, ಬಾಯಿ ನಿಮ್ದು" ಎನ್ನುತ್ತಾನೆ. ನ್ಯಾಯವೇ.

ಹೇಳದೆ ನೀರು ಹಾಳು ಮಾಡಿದವರಿಗೆ ಒಂದೇ ಶಿಕ್ಷೆ. ಮಳೆ ನಿಂತ ಮೇಲೆ ಬರುವ ಮೊದಲ ಪಾಳಿ ಕಟ್. ಅದು ತೆನೆಗೆ ಹಾಲು ತುಂಬುವ ಹೊತ್ತು. ಆಗ ಒಂದು ಪಾಳಿ ತಪ್ಪಿದರೆ ಕಾಳು ಜೊಳ್ಳು.

ಭಾನುವಾರ ನನ್ನ ಪಾಳಿ. ಗದ್ದೆ ತುಳುಕುತ್ತಿತ್ತು. ಶನಿವಾರ ಸಂಜೆ ಫೋನ್ ಕೈಯಲ್ಲೇ ಇತ್ತು. ಆದರೆ ಗೆಳೆಯರ ಗ್ರೂಪಿನಲ್ಲಿ ಬೆಳಗಿನ ಬಿರಿಯಾನಿಯ ಪ್ಲಾನ್ ಜೋರಾಗಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಈ 'ಆಮೇಲೆ' ಎಂಬುದು ಎಷ್ಟು ಜನರ ಮನೆ ಹಾಳು ಮಾಡಿದೆಯೋ! ಬೆಳಕು ಹರಿಯುವ ಹೊತ್ತಿಗೆ ಹೊಸಕೋಟೆಯಲ್ಲಿ ಕ್ಯೂ ನಿಂತಿದ್ದೆ. ಪ್ಲೇಟಿನ ಫೋಟೋ ಸ್ಟೇಟಸ್ಸಿಗೂ ಹಾಕಿದೆ.

ಇತ್ತ ಮುನಿಯಣ್ಣ ತೂಬು ಎತ್ತಿದ. ತುಂಬಿದ ಗದ್ದೆಗೆ ಮತ್ತೆ ನೀರು. ಬದು ಒಡೆಯಿತು. ನೀರೆಲ್ಲ ಕೆಳಗಿನ ಗದ್ದೆಗೆ ನುಗ್ಗಿತು.

ಕೆಳಗಿನ ಗದ್ದೆ ನನ್ನ ಅಕ್ಕನದು.

ಅಕ್ಕನನ್ನು ಊರಲ್ಲೇ ಕೊಟ್ಟಿದ್ದೇವೆ. ಭಾವ ನೆಲಮಂಗಲದ ಗೋಡೌನೊಂದರ ಲಾರಿ ಓಡಿಸುತ್ತಾರೆ, ಗದ್ದೆ ಕೆಲಸವೆಲ್ಲ ಅವಳೊಬ್ಬಳ ಮೇಲೆ. ನಾಟಿ ಮಾಡಿ ನಾಲ್ಕೇ ದಿನವಾಗಿತ್ತು. ಬೇರು ಇನ್ನೂ ಮಣ್ಣು ಹಿಡಿದಿರಲಿಲ್ಲ. ನಾನು ಹತ್ತು ಗಂಟೆಗೆ ಬಂದು ನೋಡಿದರೆ ಪೈರೆಲ್ಲ ಎದ್ದು ಮೂಲೆಯಲ್ಲಿ ತೇಲುತ್ತಿತ್ತು. ಅಕ್ಕ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅದನ್ನು ಬಾಚಿ ಬಾಚಿ ಬದುವಿನ ಮೇಲೆ ಹಾಕುತ್ತಿದ್ದಳು.

"ಊಟ ಆಯ್ತೇನೋ?" ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಕೆರೆ ಏರಿಯ ಮೇಲೆ ಎಲ್ಲರೂ ಸೇರಿದರು. ಮುನಿಯಣ್ಣ ನನ್ನನ್ನೇ ನೋಡುತ್ತ ಕೇಳಿದ, "ಏನಪ್ಪಾ, ನೀರು ಬೇಡ ಅಂತ ಯಾಕೆ ಹೇಳ್ಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು. "ಅವ್ನ ಕೇಳ್ಬೇಡ ಮುನಿಯಣ್ಣ. ನಾನೇ ಹೇಳ್ತೀನಿ, ನೀನು ಹೋಗು ಅಂದಿದ್ದೆ. ಮರ್ತ್‌ಬಿಟ್ಟೆ. ಪಾಳಿ ಕಟ್ ಮಾಡೋದಾದ್ರೆ ನಂದೇ ಮಾಡು."

ಹಸಿ ಸುಳ್ಳು. ನಾನೇನು ಮಾಡಿದೆ? ಚಪ್ಪಲಿಯ ಕೆಸರು ನೋಡುತ್ತ ಕೂತೆ.

ಅವಳಿಗೆ ಇದು ಹೊಸದಲ್ಲ. ನಾನು ಸ್ಕೂಲಿಗೆ ಚಕ್ಕರ್ ಹೊಡೆದಾಗಲೆಲ್ಲ 'ನನ್ ತಮ್ಮನಿಗೆ ಹೊಟ್ಟೆನೋವು ಸಾ' ಎಂದು ಮೇಷ್ಟರಿಗೆ ಹೇಳುತ್ತಿದ್ದವಳೂ ಅವಳೇ. (ನನ್ನ ಓದು ಏಳನೇ ಕ್ಲಾಸಿಗೆ ನಿಂತದ್ದು ಹೇಗೆ ಎಂದು ಕೇಳುವವರಿಗೆ ಉತ್ತರ ಸಿಕ್ಕಿತಲ್ಲ?)

ಮಾರನೆಯ ದಿನದ ಮಾತನ್ನು ಇಲ್ಲಿ ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ. ಊರಲ್ಲಿ ಕೊನೆಯ ಗದ್ದೆಯ ನಾಟಿ ಮುಗಿಯುವವರೆಗೆ ಯಾರೂ ಸಸಿಮಡಿಯನ್ನು ಪೂರ್ತಿ ಕೀಳುವುದಿಲ್ಲ, ಒಂದು ಮೂಲೆ ಬಿಟ್ಟಿರುತ್ತಾರೆ. ಯಾರಿಗೆ ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಅಕ್ಕನ ಬದುವಿನ ಮೇಲೆ ಪೈರಿನ ಕಂತೆಗಳು ಸಾಲಾಗಿ ಕೂತಿದ್ದವು. ಯಾರು ಯಾರು ತಂದಿಟ್ಟರೋ ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಮುನಿಯಣ್ಣನ ಹೆಂಡತಿ ಸೀರೆ ಮೇಲಕ್ಕೆ ಕಟ್ಟಿ ಆಗಲೇ ಕೆಸರಿಗೆ ಇಳಿದಿದ್ದರು. ಮಧ್ಯಾಹ್ನದೊಳಗೆ ಗದ್ದೆ ಮತ್ತೆ ಹಸಿರು. ನಾನೂ ನೆಟ್ಟೆ. "ಲೇ, ನಿನ್ ಸಾಲು ನಿನ್ ಹಾಗೇ ಸೊಟ್ಟ ಐತೆ" ಎಂದು ಅಕ್ಕ ನಕ್ಕಳು.

ಮಳೆ ನಿಂತಿತು. ಬಿಸಿಲು ಬಂತು. ತೆನೆ ಹೊರಟಿತು. ಪಾಳಿ ಗೊತ್ತು ಮಾಡಲು ಮತ್ತೆ ಎಲ್ಲರೂ ಏರಿಯ ಮೇಲೆ ಸೇರುವ ದಿನ ಹತ್ತಿರ ಬಂತು.

ಅಕ್ಕನ ಗದ್ದೆಯಲ್ಲಿ ನೆಲ ಬಿರಿಯುತ್ತಿತ್ತು. ನನ್ನ ಪಾಳಿಯ ನೀರನ್ನು ಗುಟ್ಟಾಗಿ ಅವಳ ಕಡೆ ತಿರುಗಿಸಿಬಿಡೋಣ ಎಂದು ಯೋಚಿಸಿದ್ದೆ. ಬದುವಿಗೆ ಒಂದು ಗುದ್ದಲಿ ಏಟು, ಅಷ್ಟೇ. ಗುಟ್ಟಾಗಿ ಒಳ್ಳೆಯವನಾಗುವುದು ಎಷ್ಟು ಸುಲಭ ನೋಡಿ! ಆದರೆ ಅವಳು ಸುಳ್ಳು ಹೇಳಿದ್ದು ಊರೆದುರಿಗೆ. ನಾನು ತಪ್ಪು ತಿದ್ದಿಕೊಳ್ಳುವುದು ಕತ್ತು ಬಗ್ಗಿಸಿ, ಯಾರೂ ಇಲ್ಲದ ಗದ್ದೆಯಲ್ಲೋ?

ಏರಿಯ ಮೇಲೆ ಮುನಿಯಣ್ಣ ಒಬ್ಬೊಬ್ಬರ ಹೆಸರು ಹೇಳುತ್ತ ಬಂದ. ಅಕ್ಕನ ಹೆಸರು ಬಿಟ್ಟು ಮುಂದಕ್ಕೆ ಹೋದ. ನಾನು ಎದ್ದು ನಿಂತೆ.

"ಅಕ್ಕ ಮರ್ತಿರ್ಲಿಲ್ಲ ಮುನಿಯಣ್ಣ. ಅವ್ಳಿಗೆ ನಾನು ಹೇಳೇ ಇರ್ಲಿಲ್ಲ. ಪಾಳಿ ನಂದು ಕಟ್ ಮಾಡಿ."

ಯಾರಿಗೂ ಆಶ್ಚರ್ಯವಾಗಲಿಲ್ಲ! ಮುನಿಯಣ್ಣ ಬೀಡಿ ಆರಿಸಿ ಹೇಳಿದ, "ಬದು ಒಡ್ದ ಮಾರನೇ ದಿನ, ಸೋಮವಾರ, ನಿಮ್ಮಕ್ಕನ ಪಾಳಿ ಇತ್ತು. ನೀರು ಬೇಡ ಅಂತ ಶನಿವಾರ ಸಂಜೆನೇ ನಮ್ಮನೆಗೆ ಬಂದು, ಕಾಫಿ ಕುಡ್ದು, ಹೇಳಿ ಹೋಗಿದ್ಲು. ತನ್ ಪಾಳಿ ಅಷ್ಟು ಮುಂಚೆ ನೆನಪಿಟ್ಕೊಂಡೋಳು ನಿಂದು ಮರೀತಾಳಾ? ನೀನಾಗೇ ಹೇಳ್ತೀಯ ಅಂತ ಕಾಯ್ತಾ ಇದ್ವಿ ಕಣಪ್ಪಾ. ಸರಿ, ಪಾಳಿ ನಿಂದೇ ಕಟ್."

"ಬಿರಿಯಾನಿ ಫೋಟೋನೂ ನೋಡಿದ್ವಿ" ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು.

ಇಷ್ಟು ದಿನ ನನ್ನ ಮಾನ ಕಾಯ್ದದ್ದು ಅಕ್ಕನ ಸುಳ್ಳೊಂದೇ ಅಲ್ಲ, ಊರವರ ಮೌನವೂ. ಆ ಋಣವನ್ನು ಯಾವ ಪಾಳಿಯಲ್ಲಿ ತೀರಿಸಲಿ?

"ಆಯ್ತಲ್ಲ, ಕೂತ್ಕೊಳ್ಳೋ" ಎಂದು ಅಕ್ಕ ನನ್ನ ಅಂಗಿ ಹಿಡಿದು ಎಳೆದಳು.

ಕೂರಲಿಲ್ಲ. ಮುನಿಯಣ್ಣನಿಗೆ ಹೇಳಿದ್ದು ಬರೀ ನಿಜ. ಅವಳಿಗೆ ಹೇಳಬೇಕಾದದ್ದು ಇನ್ನೂ ಬಾಕಿ ಇತ್ತು. ಅವಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ತಪ್ಪಾಯ್ತಕ್ಕಾ. ಅವತ್ತು ಫೋನ್ ಮಾಡ್ದೇ ಇದ್ದಿದ್ದಕ್ಕಿಂತ, ನೀನು ಎದ್ದು ನಿಂತಾಗ ನಾನು ಕೂತೇ ಇದ್ನಲ್ಲಾ, ಅದಕ್ಕೆ."